ಜವಾಬಿ ಕಾರ್ಡು

ಕಾರ್ಡಿನ ಮೂಲೆಯಲ್ಲಿ ಚಹಾದ ಕಲೆ, ಅಂದರೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲೂ ಓದಿದ್ದಾರೆ, ಓದದೆ ಬಿಡುತ್ತಾರೆಯೇ, ಅಂಚೆಯ ಸತ್ಯಪ್ಪ ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಓದಿದ, ಕಸ್ತೂರೆವ್ವ ವೈನಿ, ನಿಮಗ ಕುಷ್ಠ ಇತ್ತಂತ, ಗುಳಿಗೆಯಿಂದ ವಾಸಿ ಆಗೇತಂತ, ನಿಮ್ಮ ಕೇಸಿನ ವಿಷಯ ಸಂಶೋಧನೆಕ್ಕ ತಗೋಬಹುದೇನ್ರಿ ಅಂತ ದವಾಖಾನೆಯವರು ಕೇಳ್ಯಾರ, ಜವಾಬು ಬರೆಯಾಕ ಇನ್ನೊಂದ ಅರ್ಧ ಕಾರ್ಡ್ ಜೋಡಿಸ್ಯಾರ, ಹೆಸರು ಗುಟ್ಟಾಗಿ ಇಡ್ತಾರಂತ — ಗುಟ್ಟಂತೆ! ಇವರ ಗುಟ್ಟಿಗಿಷ್ಟು ಬೆಂಕಿ ಹಾಕ, ಎಂಬತ್ತೇಳರಿಂದ ಎರಡು ವರ್ಷ ಅತ್ತೆಗೆ ಚಿಂಚಲಿಯ ಅಕ್ಕನ ಮನೆ ಅಂತ ಸುಳ್ಳು ಹೇಳಿ ಶೇಡಬಾಳದಲ್ಲಿ ದವಾಖಾನೆಯ ಊರಿಗೆ ರೈಲು ಹತ್ತಿದೆ, ಗುಳಿಗೆ ಶ್ಯಾವಿಗೆ ಡಬ್ಬಿಯಲ್ಲಿ ಬಚ್ಚಿಟ್ಟೆ, ಮುಂಗೈ ಮೇಲಿನ ಮಚ್ಚೆ ಕಾಣದಂತೆ ಬಳೆ ಏರಿಸಿದೆ, ಆ ದವಾಖಾನೆಯ ಶಾಣ್ಯಾರು ಒಂದು ಲಕೋಟೆ ಕೂಡ ಹಾಕದೆ ಕಳಿಸಿಬಿಟ್ಟರು. ಈಗ ಕಾರ್ಡು ಕೈಯಿಂದ ಕೈಗೆ ಹೋಯಿತು, ಎಲ್ಲರಿಗೂ ಒಂದೊಂದು ಮಾತು, ಅತ್ತೆ ಗೌರಾಬಾಯಿ, ಬ್ಯಾಡ ಬ್ಯಾಡ, ಸುಂದರಾಗ ವರ ನೋಡಾಕತ್ತೇವಿ, ಪೇಪರಿನ್ಯಾಗ ಬಂದ್ರ ನಿನ್ನ ಮಗಳನ್ನ ಯಾರ ತಗೋತಾರ, ಸತ್ಯಪ್ಪ, ಕೊಡ್ರಿ, ನಾಕ ಮಂದಿಗಿ ಉಪಯೋಗ ಆಗ್ತೈತಿ, ಮೈದುನ ಬಾಬಾಸಾಹೇಬ, ಇವರು ಔಷಧ ಕಂಪನಿಯವರೇ ಇರ್ತಾರ ತಗೋರಿ — ಅಲ್ಲ, ಮೈ ಯಾರದು, ಒಬ್ಬರಾದರೂ ನಿನಗೇನ ಅನಸ್ತೈತಿ ಕಸ್ತೂರಿ ಅಂದರೇನು, ತಲೆಹರಟೆ ಕಾರ್ಡು, ಆದರೂ ಅದೊಂದೇ ನನ್ನನ್ನು ಕೇಳಿದ್ದು, ಇಪ್ಪತ್ತು ವರ್ಷದಲ್ಲಿ ಈ ಮನೆ ನನ್ನನ್ನು ಏನು ಕೇಳಿತ್ತು, ಪಲ್ಯಕ್ಕೆ ಉಪ್ಪು ಹಾಕಿದೆಯಾ ಅನ್ನುವುದು ಬಿಟ್ಟು. ರೈಲಿನಲ್ಲಿ ಜೊತೆಯಾಗುತ್ತಿದ್ದ ತಾರವ್ವ, ಕುರಿಯವಳು, ಬೆರಳು ಮುರುಟಿದ ಮೇಲೆ ದವಾಖಾನೆ ಕಂಡವಳು, ಇದು ವಾಸಿ ಆಗ್ತೈತಿ ಅಂತ ನನಗ ಯಾರೂ ಹೇಳಲೇ ಇಲ್ಲವ್ವಾ ಅಂದಿದ್ದಳು, ನಾನು ಹೇಳುತ್ತೇನೆ, ಬರೆದುಕೊಳ್ಳಲಿ, ಓಣಿಗೆಲ್ಲ ಗೊತ್ತಾದದ್ದು ನಾಲ್ಕು ಡಾಕ್ಟರರಿಗೆ ಗೊತ್ತಾದರೆ ಹೋಗುವುದೇನು, ಮೂರನೇ ಕ್ಲಾಸು ಓದಿದ್ದೇನೆ, ಒಪ್ಪಿಗೆ ಐತಿ ಅಂತ ಬರೆಯಲು ಬರುತ್ತದೆ, ಸುಂದರಾನ ಪೆನ್ನು ತಗೊಂಡೆ, ಕಾರ್ಡು ತಿರುಗಿಸಿದೆ, ಜವಾಬಿನ ಅರ್ಧ ಎಲ್ಲಿ, ಇಲ್ಲ, ಮಡಿಕೆಗೆ ಸರಿಯಾಗಿ ಹರಿದಿದೆ — ಬಾಗಿಲಲ್ಲಿ ನಿಂತು ಕೇಳಿದೆ, ಮಾವಾರ, ಇದರದ ಇನ್ನೊಂದ ಅರ್ಧ ಎಲ್ಲೈತ್ರಿ, ಪಡಸಾಲೆಯಲ್ಲಿ ಮಾವ ಎಲೆಗೆ ಸುಣ್ಣ ಸವರುತ್ತ ತಲೆ ಕೂಡ ಎತ್ತಲಿಲ್ಲ, ಅದಾ, ಒಪ್ಪಿಗೆ ಇಲ್ಲ ಅಂತ ಬರದ ಆಗಳೇ ಸತ್ಯಪ್ಪನ ಕೈಯಾಗ ಕೊಟ್ಟೆ, ಸಹಿನೂ ನಿಂದ ಮಾಡೀನಿ ಬಿಡವಾ — ನಂದ ಮಾಡ್ಯಾರ, ಕಸ್ತೂರೆವ್ವ ಅಂತ, ಅವರ ಕೈಯಿಂದ, ನಾನು ಇಲ್ಲ ಅಂದೆ ಅಂತ, ಟೊಪ್ಪಿಗೆ ತೆಗೆದ ಪೆನ್ನು, ಹರಿದ ಅಂಚು, ನಾನು ಇಲ್ಲ ಅಂದೆನಂತೆ, ಹರಿದ ಅಂಚು