ಹಿನ್ನೆಲೆ ಸದ್ದು

೨೦೨೩ರ ಫೆಬ್ರವರಿ ೧೨, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅಮ್ಮನ ಹಾಡನ್ನು ಒಂದು ದೊಡ್ಡ ವಿಡಿಯೋ ತಾಣಕ್ಕೆ ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ಮೂವರೂ ಸೋಫಾದ ಮೇಲೆ ಸಾಲಾಗಿ ಕೂತು ಅದನ್ನು ನೋಡಿದೆವು. ಪರದೆಯ ಮೇಲೆ ಅಮ್ಮ ಹಾಡುತ್ತಿದ್ದರು. ಅವರ ಹಿಂದೆ, ಎಡಕ್ಕೆ, ಚಿಕ್ಕಮ್ಮ ತಂಬೂರಿ ಮೀಟುತ್ತಿದ್ದರು. ಬೆರಳು ಆಡುತ್ತಿತ್ತು, ತಂತಿ ನಡುಗುತ್ತಿತ್ತು. ಸದ್ದು ಮಾತ್ರ ಇರಲಿಲ್ಲ.

"ದನಿ ಎಷ್ಟು ಸ್ವಚ್ಛವಾಗಿದೆ ನೋಡು," ಎಂದರು ಅಮ್ಮ.

"ನಾನೆಲ್ಲಿ?" ಎಂದರು ಚಿಕ್ಕಮ್ಮ.

"ಇದೀಯಲ್ಲೇ. ಹಸಿರು ಶಾಲು."

"ಶಾಲು ಕಾಣ್ತಿದೆ ಅಕ್ಕ. ನಾನು ಕೇಳಿಸ್ತಿಲ್ಲ."

ಫ್ಯಾನು, ಬಟ್ಟೆ ಒಗೆಯುವ ಯಂತ್ರಗಳ ಸದ್ದನ್ನು ಅಳೆಯುವ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಒಂದೇ ಸಮನೆ ಬರುವ ಸದ್ದು ನಮ್ಮಲ್ಲಿ ದೋಷ. ಅದನ್ನು ಹುಡುಕಿ ತೆಗೆಯುವುದಕ್ಕೇ ಸಂಬಳ. ಹಾಗಾಗಿ ಆದದ್ದೇನೆಂದು ತಿಳಿಯಲು ತಡವಾಗಲಿಲ್ಲ. ಹಾಡು ಮುದ್ರಿಸುವಾಗ ನಾನು ಫ್ರಿಜ್ ಆಫ್ ಮಾಡಲು ಮರೆತಿದ್ದೆ. ತಾಣದ ಯಂತ್ರ ಅದರ ಗುಂಯ್‌ಗುಡುವಿಕೆಯನ್ನು ಗುಡಿಸಿ ಹಾಕುವಾಗ ತಂಬೂರಿಯನ್ನೂ ಅಂಥದೇ ಒಂದೇ ಸಮನಾದ ಸದ್ದೆಂದು ಸೇರಿಸಿಕೊಂಡಿತ್ತು. ವಿಡಿಯೋದ ಕೆಳಗೆ ಸಣ್ಣ ಅಕ್ಷರದಲ್ಲಿ 'ಹಿನ್ನೆಲೆ ಸದ್ದು ನಿವಾರಿಸಲಾಗಿದೆ' ಎಂದಿತ್ತು. ಬೇಡ ಎನ್ನುವ ಆಯ್ಕೆ ಎಲ್ಲೂ ಇರಲಿಲ್ಲ. ನಾನು ಅದನ್ನು ಗಟ್ಟಿಯಾಗಿ ಓದಿದೆ.

"ಪಾಪ, ಫ್ರಿಜ್ಜಿಗೂ ಬೇಜಾರಾಗಿರುತ್ತೆ," ಎಂದರು ಚಿಕ್ಕಮ್ಮ.

ತಂಬೂರಿಯಲ್ಲಿ ರಾಗ ನುಡಿಸುವುದಿಲ್ಲ. ಅದರ ನಾಲ್ಕು ತಂತಿಗಳನ್ನು ಒಂದಾದ ಮೇಲೊಂದು ಮೀಟುತ್ತಾ, ಹಾಡುವವರಿಗೆ ಆಧಾರವಾದ 'ಸ', ಅಂದರೆ ಷಡ್ಜ, ಎಲ್ಲಿದೆಯೆಂದು ನೆನಪಿಸುತ್ತಿರುವುದಷ್ಟೇ ಕೆಲಸ. ಚಿಕ್ಕಮ್ಮ ಲಂಗ ತೊಡುವ ವಯಸ್ಸಿನಿಂದ ಅಕ್ಕನ ಹಿಂದೆ ಕೂತು ಅದನ್ನೇ ಮಾಡುತ್ತಾ ಬಂದವರು. ಯಾವ ಕರಪತ್ರದಲ್ಲೂ ಅವರ ಹೆಸರು ಬಂದದ್ದಿಲ್ಲ, ಅವರು ತಕರಾರು ತೆಗೆದದ್ದೂ ಇಲ್ಲ. ಆದರೆ ಇಲ್ಲಿಯವರೆಗೆ ಸದ್ದಾದರೂ ಇರುತ್ತಿತ್ತು.

ಅದೇ ವಿಡಿಯೋವನ್ನು ಇನ್ನೊಂದು ಸಣ್ಣ ತಾಣಕ್ಕೆ ಹಾಕಿ ನೋಡಿದೆ. ಅಲ್ಲಿ ಫ್ರಿಜ್ಜೂ ಇತ್ತು, ಚಿಕ್ಕಮ್ಮನೂ ಇದ್ದರು. ನೋಡುಗರು ಇರಲಿಲ್ಲ.

"ನನ್ನ ಶಿಷ್ಯರೆಲ್ಲ ಇರೋದು ದೊಡ್ಡದರಲ್ಲಿ," ಎಂದರು ಅಮ್ಮ. "ಈ ಸಣ್ಣದರಲ್ಲಿ ಹಾಕೋದೂ ಒಂದೇ, ಬಚ್ಚಲುಮನೇಲಿ ಹಾಡೋದೂ ಒಂದೇ."

"ಬಚ್ಚಲುಮನೇಲಿ ತಂಬೂರಿ ಕೇಳಿಸುತ್ತೆ."

"ನೋಡೇ, ನೀನು ಮೀಟೋದು ನನಗೆ ಕೇಳಿಸಿದ್ರೆ ಆಯ್ತಲ್ಲ. ಜನಕ್ಕೆ ಯಾಕೆ ಬೇಕು?"

ಚಿಕ್ಕಮ್ಮ ತಾವು ಕುಡಿದ ಲೋಟ ತೊಳೆದು ಕವುಚಿಟ್ಟು, ಶಾಲು ಹೊದ್ದು ತಮ್ಮ ಮನೆಗೆ ಹೋದರು.

ಮುಂದಿನ ಭಾನುವಾರ ಎರಡನೆಯ ಹಾಡು, ಅದೂ ದೊಡ್ಡ ತಾಣಕ್ಕೇ. ನಾನು ನೆನಪಿಟ್ಟು ಫ್ರಿಜ್ ಆಫ್ ಮಾಡಿದೆ. ಚಿಕ್ಕಮ್ಮ ಹೊತ್ತಿಗೆ ಸರಿಯಾಗಿ ಬಂದು, ಅದೇ ಹಸಿರು ಶಾಲಿನಲ್ಲಿ ಕೂತು, ಎಂದಿನಂತೆ ನಿಧಾನವಾಗಿ ಶ್ರುತಿ ಮಾಡಿಕೊಂಡರು. ಕ್ಯಾಮೆರಾ ಒತ್ತಿ ಕೈ ಸನ್ನೆ ಮಾಡಿದೆ. ಚಿಕ್ಕಮ್ಮನ ಬೆರಳು ಆಡತೊಡಗಿತು. ಸದ್ದು ಬರಲಿಲ್ಲ. ಬೆರಳು ತಂತಿಗೆ ಕೂದಲೆಳೆಯಷ್ಟು ದೂರದಲ್ಲಿ ಓಡಾಡುತ್ತಿತ್ತು.

ಅಮ್ಮ ತಿರುಗಿ ನೋಡಿದರು. "ಏನೇ ಇದು?"

"ಹೇಗಿದ್ರೂ ಅಳಿಸಿಹಾಕ್ತಾರೆ. ಬೆರಳು ಯಾಕೆ ಸವೆಸ್ಕೊಳ್ಳಲಿ? ಶಾಲು ಹೊದ್ಕೊಂಡಿದೀನಲ್ಲ, ನೀನು ಹಾಡು."

ಅಮ್ಮನ ಮೂಗಿನ ತುದಿ ಕೆಂಪಾಯಿತು. "ನಾನೇನು ನಿನ್ನ ಕೈ ಹಿಡ್ಕೊಂಡು ಹಾಡ್ತಿದೀನಾ?"

"ಇಲ್ಲಪ್ಪ. ಯಾರು ಹಾಗಂದ್ರು?"

ಅಮ್ಮ ಹಾಡಿದರು. ಆಗಷ್ಟೇ ಕೇಳಿದ ಶ್ರುತಿ ಕಿವಿಯಲ್ಲಿದ್ದುದರಿಂದ ಶುರು ಸರಿಯಾಗಿಯೇ ಇತ್ತು. ಗೋಡೆಯ ಗಡಿಯಾರ ಇಷ್ಟು ಜೋರಾಗಿ ಓಡುತ್ತದೆಂದು ನನಗೆ ಅಂದೇ ಗೊತ್ತಾದದ್ದು. ಅರ್ಧ ದಾಟಿದ ಮೇಲೆ ಅವರ ಎಡಗೈ ಒಮ್ಮೆ, ಕತ್ತಲೆಯಲ್ಲಿ ಮೆಟ್ಟಿಲಿಳಿಯುವವರ ಕೈಯಂತೆ, ಪಕ್ಕಕ್ಕೆ ಚಾಚಿ ಹಿಂದೆ ಬಂತು. ಆದರೂ ಎಲ್ಲೂ ನಿಲ್ಲಿಸಲಿಲ್ಲ. ಕೊನೆಯ ಷಡ್ಜಕ್ಕೆ ಬಂದು, ಕಣ್ಣು ಮುಚ್ಚಿ, ಅದನ್ನು ಉದ್ದಕ್ಕೆ ಹಿಡಿದರು.

ಆಗ ಚಿಕ್ಕಮ್ಮ ಒಂದೇ ಒಂದು ತಂತಿಯನ್ನು ಒಂದೇ ಒಂದು ಸಲ ಮೀಟಿದರು.

ಕೋಣೆಯಲ್ಲಿ ಈಗ ಎರಡು ಷಡ್ಜಗಳಿದ್ದವು.

ಅಮ್ಮ ಕಣ್ಣು ತೆರೆದರು. ನೀರು ಕುಡಿದರು. ಲೋಟ ಕೆಳಗಿಟ್ಟು ನನ್ನನ್ನು ಕೇಳಿದರು: "ಆ ಸಣ್ಣ ತಾಣಕ್ಕೆ ನನ್ನ ಶಿಷ್ಯರು ಬರೋದು ಹೇಗೆ?"

"ಲಿಂಕ್ ಕಳಿಸಿದ್ರೆ ಬರ್ತಾರಮ್ಮ."

"ಹಾಗಾದ್ರೆ ಮೊದಲಿಂದ ಹಾಡ್ತೀನಿ. ಇದನ್ನ ಅಳಿಸು. ಮೈಕ್ ಸ್ವಲ್ಪ ಇವಳ ಕಡೆ ಸರಿಸು."

"ತೀರ ಸರಿಸ್ಬೇಡ," ಎಂದರು ಚಿಕ್ಕಮ್ಮ, ತಂಬೂರಿಯನ್ನು ಭುಜಕ್ಕೆ ಒರಗಿಸಿಕೊಳ್ಳುತ್ತಾ. "ಅಕ್ಕನೂ ಕೇಳಿಸ್ಬೇಕು."

ಅಂದು ಎರಡನೆಯ ಸಲ ಹಾಡಿದ್ದು ಸಣ್ಣ ತಾಣದಲ್ಲಿದೆ. ಮೊದಲ ಸಲದ್ದನ್ನು ಹೇಳಿದಂತೆ ಅಳಿಸಿದೆ. ಅಳಿಸುವ ಮುನ್ನ, ಕಸುಬಿನ ಚಾಳಿ, ಪ್ರಯೋಗಾಲಯದಲ್ಲಿ ಅಳೆದೆ. ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಸೆಂಟ್ ಎನ್ನುತ್ತಾರೆ. ಅಮ್ಮನ ಕೊನೆಯ ಷಡ್ಜ ಚಿಕ್ಕಮ್ಮನ ತಂತಿಗಿಂತ ಕೆಳಗಿದ್ದದ್ದು ಮೂವತ್ತನಾಲ್ಕು ಸೆಂಟ್.