ನನ್ನ ಮನೆಯ ಪಾಲಿಗೆ ಒಂದು ವರ್ಷ

ರಿಬ್ಬನ್ ಪಟ್ಟಿಯ ಬಣ್ಣ ಇನ್ನೂ ಮಾಸಿಲ್ಲ, ಹೀರಾಬಾಯಿಯ ತೊಡೆಯ ಮೇಲೆ ಎರಡು ಪದಕ ಬಿಸಿಲಿಗೆ ಮಿನುಗುತ್ತಿವೆ, ಕೋರ್ಟಿನವರು ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಒತ್ತಿ ಕೊಟ್ಟದ್ದನ್ನು ಬೆಳಿಗ್ಗೆಯೇ ಬಿಚ್ಚಿದ್ದಾಳೆ, ಗಂಡನ ಪದಕ, ಸೆರಗಿನಿಂದ ಒರೆಸುತ್ತಾಳೆ, ಮತ್ತೆ ಒರೆಸುತ್ತಾಳೆ, ಎಷ್ಟು ಒರೆಸುತ್ತೀ ತಾಯಿ, ಸವೆದಾವು — ನಾನು ಪೇಪರ್ ಬಿಡಿಸುತ್ತೇನೆ. ಆಳಂದದ ಮೊದಲ ಬಸ್ಸಿಗೆ ಬರುವ ಪೇಪರನ್ನು ಮಾದನಹಿಪ್ಪರಗಾದ ಈ ಓಣಿಯ ಹೆಂಗಸರಿಗೆ ಓದಿ ಹೇಳುವವಳು ನಾನು, ನಲವತ್ತೆಂಟನೆಯ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು, ಓಣಿಯಲ್ಲಿ ನನಗಿರುವ ಮರ್ಯಾದೆ ಅದೊಂದೇ, ಇವತ್ತು ಅದೂ ಅವಳ ಸುದ್ದಿ ಓದುವುದಕ್ಕೇ ಖರ್ಚಾಗಬೇಕು. ಓದು ಬೇ ಅಂಬಕ್ಕ, ಎಟ್ಟೊತ್ತು ಕಾಯಿಸ್ತಿ, ಮೊರದಲ್ಲಿ ತೊಗರಿಬೇಳೆ ಕೇರುತ್ತಾ ಖಾಸೀಂಬಿ ಅಂದಳು, ಓದಿದೆ, ಸೈನಿಕರ ಪದಕ ಕದ್ದವನಿಗೆ ಮೂರು ವರ್ಷ ಜೈಲು. ಮೂರs? ಮಧುಮತಿ ಬಾಯಿಗೆ ಸೆರಗಿಟ್ಟಳು, ದೇಶಕ್ಕ ಜೀವಾ ಕೊಟ್ಟವರ ಸಾಮಾನರೀ ಅದು, ಕೈನs ಕಡೀಬೇಕಿತ್ತು. ಕೈ ಕಡದ್ರ ಜೈಲಾಗ ಅವಂಗ ರೊಟ್ಟಿ ಯಾರು ತಿನ್ನಿಸ್ತಾರ, ನೀ ಹೋಗ್ತಿಯೇನು, ಅಂದಳು ಖಾಸೀಂಬಿ, ಎಲ್ಲರೂ ನಕ್ಕರು, ಹೀರಾಬಾಯಿ ನಗಲಿಲ್ಲ, ಅವಳು ನಗದಿದ್ದುದನ್ನು ಕಂಡು ಉಳಿದವರೂ ನಗು ನಿಲ್ಲಿಸಿದರು, ನೋಡಿ, ನಗುವುದಕ್ಕೂ ಅವಳ ಮುಖವನ್ನೇ ನೋಡುತ್ತಾರೆ. ಮೊದಲಿನಿಂದಲೂ ಹೀಗೆಯೇ. ನಮ್ಮಿಬ್ಬರ ಗಂಡಂದಿರೂ ಒಂದೇ ರೈಲಿನಲ್ಲಿ ಮಿಲಿಟರಿಗೆ ಹೋದವರು, ಅವಳ ಗಂಡ ಯುದ್ಧದಲ್ಲಿ ಸತ್ತ, ದೊಡ್ಡ ಸಾಹೇಬರು ಮನೆ ಬಾಗಿಲಿಗೆ ಬಂದು ಟೊಪ್ಪಿಗೆ ತೆಗೆದು ನಿಂತರು, ನನ್ನ ಚಂದ್ರಾಮಪ್ಪ ಅದೇ ಯುದ್ಧದಿಂದ ತಿರುಗಿ ಬಂದ, ಇಪ್ಪತ್ತು ವರ್ಷ ಬದುಕಿದ, ಕಾಮಾಲೆಯಲ್ಲಿ ಹಳದಿಯಾಗಿ ಸತ್ತ, ಯಾರೂ ಟೊಪ್ಪಿಗೆ ತೆಗೆಯಲಿಲ್ಲ. ಬದುಕಿದ್ದ ಗಂಡನನ್ನು ಪಕ್ಕದಲ್ಲಿಟ್ಟುಕೊಂಡು ಸತ್ತವನ ಹೆಂಡತಿಯನ್ನು ಕಂಡು ಕರುಬಿದವಳು ನಾನು, ಇದನ್ನು ಯಾರಿಗೆ ಹೇಳಲಿ.

ನನ್ನ ಗಂಡನಿಗೂ ಪದಕಗಳಿದ್ದವು, ಎರಡು, ಡಬ್ಬಿಯಲ್ಲಿ, ಅವನು ಸತ್ತ ಮರುವರ್ಷ ಹಳೇ ತಾಮ್ರ ಹಿತ್ತಾಳೆಗೆ ಸ್ಟೀಲಿನ ಪಾತ್ರೆ ಕೊಡುವವನು ಓಣಿಗೆ ಬಂದ, ಒಡೆದ ತಂಬಿಗೆಯ ಜೊತೆ ಆ ಪದಕಗಳನ್ನೂ ಅವನ ತಕ್ಕಡಿಗೆ ಹಾಕಿ ಒಂದು ಪರಾತ ತೆಗೆದುಕೊಂಡೆ, ಇವತ್ತಿಗೂ ಅದರಲ್ಲೇ ಜೋಳದ ಹಿಟ್ಟು ನಾದುತ್ತೇನೆ. ಪದಕಗಳ ಅಂಚಿನ ಸುತ್ತ ಏನೋ ಕೊರೆದಿತ್ತು, ಮಾಡಿದ ಕಂಪನಿಯ ಹೆಸರಿರಬೇಕು ಅಂದುಕೊಂಡೆ, ಆಗ ನನಗೆ ಓದು ಎಲ್ಲಿತ್ತು, ಆರು ವರ್ಷದ ಮೇಲೆ ರಾತ್ರಿ ಶಾಲೆಯ ವಿದ್ಯಾವತಿ ಟೀಚರು ಹೀರಾಬಾಯಿಯ ಪದಕವನ್ನು ತಿರುಗಿಸಿ ತಿರುಗಿಸಿ ಓದಿದರು, ಇದು ನಿಮ್ಮ ಯಜಮಾನರ ನಂಬರು, ಇದು ಹೆಸರು. ಒಬ್ಬೊಬ್ಬರ ಪದಕದ ಮೇಲೆ ಅವರವರದೇ ಹೆಸರು ಕೊರೆದಿರುತ್ತದಂತೆ. ನಾನು ಸ್ಲೇಟು ಕೆಳಗಿಟ್ಟು ನೀರು ಕುಡಿಯಲು ಎದ್ದು ಹೋದೆ. ಹೋದ ವರ್ಷದ ಹಿಂದಿನ ವರ್ಷ, ಹೀರಾಬಾಯಿ ಹೊಲಕ್ಕೆ ಹೋದಾಗ ಆ ಪದಕಗಳು ಹಾಡಹಗಲೇ ಕಳವಾದವು, ಪೊಲೀಸ್ ಜೀಪು ಬಂತು, ಊರೆಲ್ಲ ಅವಳ ಅಂಗಳದಲ್ಲಿ, ನರೋಣಾದಿಂದಲೂ ಜನ ಬಂದು ಅವಳ ಕೈ ಹಿಡಿದು ಅತ್ತರು, ನಾನು ಕಂಬಕ್ಕೆ ಒರಗಿ ನಿಂತಿದ್ದೆ, ಫೌಜದಾರರು ನನ್ನ ಕಡೆ ತಿರುಗಿದರು, ಯವ್ವಾ, ನಿಮ್ಮ ಮನಿಯವರೂ ಮಿಲಿಟರಿಯಾಗ ಇದ್ರಂತಲ್ಲ, ನಿಮ್ಮವೂ ಹೋಗ್ಯಾವೇನ್ರಿ? ಎಲ್ಲರ ಕಣ್ಣು ನನ್ನ ಮೇಲೆ, ಐವತ್ತು ವರ್ಷದಲ್ಲಿ ಮೊದಲ ಸಲ — ಹೌದ್ರಿ, ಹೋಗ್ಯಾವ. ಹೆಬ್ಬೆಟ್ಟಿಗೆ ಮಸಿ ತಂದರು, ಬ್ಯಾಡ್ರಿ, ನಂಗ ಸಹಿ ಬರತೈತಿ ಅಂದೆ, ಅಂಬುಬಾಯಿ ಎಂದು ದುಂಡಗೆ ಬರೆದೆ. ಅಫಜಲಪುರದಲ್ಲಿ ಮಾರಲು ಹೋಗಿ ಸಿಕ್ಕಿಬಿದ್ದವನು ಜೇವರ್ಗಿಯ ಅನೀಲಕುಮಾರ, ಹಳೇ ಸಾಮಾನು ಕೊಳ್ಳುವವನು, ಕೋರ್ಟಿನ ಕಟಕಟೆಯಲ್ಲಿ ಒಂದು ಬೆರಳು ಎತ್ತಿ ನಿಂತ, ಒಂದs ಮನಿರೀ ಸಾಹೇಬ್ರ, ಹೌದು ಕದ್ದೀನ್ರಿ, ಖರೇ ಒಂದs ಮನಿ. ಕಳ್ಳನ ಮಾತು ಯಾರು ನಂಬುತ್ತಾರೆ, ಈ ಮುದುಕಿಯ ಮಾತು ನಂಬಿದರು.

ಎಲ್ಲಾ ಓದು ಅಂಬಕ್ಕ, ನುಂಗಬ್ಯಾಡ, ಅಂದಳು ಮಧುಮತಿ. ಓದುತ್ತೇನೆ, ಹೀರಾಬಾಯಿಯ ಮನೆಯ ಕಳವಿಗೆ ಎರಡು ವರ್ಷ, ಅಂಬುಬಾಯಿಯ ಮನೆಯ ಕಳವಿಗೆ ಒಂದು ವರ್ಷ, ಒಂದು ಮುಗಿದ ಮೇಲೆ ಇನ್ನೊಂದು — ಒಂದೇ? ಅವಳಿಗೆ ಎರಡು, ನನಗೆ ಒಂದು? ಮೊದಲು ಹೊಳೆದದ್ದು ಅದು, ಶಿವನಾಣೆ, ಕೋರ್ಟಿನ ಹೊರಗೆ ಕೂತಿದ್ದ ಆ ಕಳ್ಳನ ಹೆಂಡತಿ ಅಲ್ಲ, ಅವನು ಸುಮ್ಮನೆ ಕೊಳೆಯಬೇಕಾದ ಆ ವರ್ಷವಲ್ಲ, ನನ್ನ ಚಂದ್ರಾಮಪ್ಪ ಇಲ್ಲೂ ಅರ್ಧಕ್ಕೆ ಇಳಿದನಲ್ಲ ಎಂದು ಹೊಟ್ಟೆ ಉರಿಯಿತು. ಉರಿ ಇಳಿಯುವ ಮೊದಲೇ ಹೀರಾಬಾಯಿ ಎದ್ದು ಬಂದಳು, ನನ್ನ ಅಂಗೈ ಬಿಡಿಸಿ ಒಂದು ಪದಕ ಇಟ್ಟಳು, ನಿನ್ನವು ಸಿಗಲಿಲ್ಲಲ್ಲಕ್ಕ, ನಂಗ ಒಂದು ಸಾಕು, ಇದು ನೀ ಇಟ್ಕೋ. ತಂಪಗಿದೆ, ನಾನು ನೆನೆದುದಕ್ಕಿಂತ ಹಗುರ, ಇಷ್ಟು ಹಗುರದ್ದಕ್ಕೆ ಇಷ್ಟು ವರ್ಷ ಉರಿದೆನೆ, ಇವಳು ಕೊಡುವುದರಲ್ಲೂ ನನ್ನನ್ನು ಗೆಲ್ಲಬೇಕೆ, ಬೇಡ ಅನ್ನಬೇಕು, ಅಂದರೆ ಯಾಕೆ ಎಂದು ಕೇಳುತ್ತಾರೆ, ಅನ್ನದಿದ್ದರೆ — ಪಾಪ ನೋಡ್ರಿ, ಕಣ್ಣಾಗ ನೀರು ಬಂತು ಅಂಬಕ್ಕಗ, ಖಾಸೀಂಬಿ ಮೊರ ಕೆಳಗಿಟ್ಟಳು, ಉಳಿದದ್ದು ಓದಿ ಮುಗಸು ಯವ್ವಾ. ಎಡಗೈಯಲ್ಲಿ ಪದಕ, ಬಲಗೈಯಲ್ಲಿ ಪೇಪರು, ಇನ್ನು ಒಂದೇ ಸಾಲು ಉಳಿದಿದೆ, ಶಿಕ್ಷೆ ಕೇಳಿದ ಬಳಿಕವೂ ಆರೋಪಿ ತಾನು ಕದ್ದದ್ದು, ಎಂದು ಓದಿದೆ, ಕದ್ದದ್ದು, ಮುಂದಿನ ಅಕ್ಷರ ಕಾಣುತ್ತಿದೆ, ದಪ್ಪಗೆ, ನನಗೆ ಬರುವ ಅಕ್ಷರವೇ, ಎಲ್ಲರೂ ಕಾಯುತ್ತಿದ್ದಾರೆ, ಕದ್ದದ್ದು — ಕಟಕಟೆಯ ಮರದಂಚಿನ ಮೇಲೆ ಒಂದು ಬೆರಳು, ಉಗುರು ಕಪ್ಪಗಿರುವ ಬೆರಳು, ನೆಟ್ಟಗೆ, ಇಳಿಯದೆ, ಒಂದು ಬೆರಳು —