ಮಾವನ ಉಸಿರು

ಕರೆಂಟು ಹೋದರೆ ನಮ್ಮ ಹಿಟ್ಟಿನ ಮಿಲ್ಲು ನಿಲ್ಲುತ್ತದೆ. ಆಗ ಮಾವ ಗವಿಸಿದ್ದಯ್ಯನವರು ರಾಗಿ ಚೀಲಗಳಿಗೆ ಒರಗಿ ಕಣ್ಣು ಮುಚ್ಚುತ್ತಾರೆ. ಕುದೂರಿನ ಆ ಬೀದಿಗೆಲ್ಲ ಕೇಳುವಂಥ ಗೊರಕೆ. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ, ಚೆಲ್ಲಿದ ಹಿಟ್ಟು ಗುಡಿಸುತ್ತಾ ನಾನದನ್ನು ಗಮನಿಸಿದೆ. ಗೊರಕೆ ಏರುತ್ತಾ ಹೋಗಿ ತಟ್ಟನೆ ನಿಂತಿತು. ಉಸಿರೂ ನಿಂತಿತು. ಹೊಟ್ಟೆ ಮಾತ್ರ ಎಳೆದಾಡುತ್ತಿತ್ತು. ನಾನು ಕೂಗಬೇಕು ಅನ್ನುವಷ್ಟರಲ್ಲಿ, ಬಾವಿಯಲ್ಲಿ ಮುಳುಗಿದವರು ಮೇಲೆದ್ದಂತೆ ದೊಡ್ಡದಾಗಿ ಗಾಳಿ ಎಳೆದುಕೊಂಡರು. ಕಣ್ಣು ತೆರೆಯಲಿಲ್ಲ. ಮತ್ತೆ ಗೊರಕೆ, ಮತ್ತೆ ಮೌನ. ಯಾರೂ ಮುಟ್ಟದೆ, ಯಾರೂ ಕರೆಯದೆ, ಅವರ ಮೈಯೇ ಅವರನ್ನು ಪ್ರತಿ ಸಲ ಮೇಲಕ್ಕೆತ್ತುತ್ತಿತ್ತು. ಪೊರಕೆ ಹಿಡಿದುಕೊಂಡೇ ನಾನು ನೋಡುತ್ತಾ ನಿಂತೆ.

ಅತ್ತೆಗೆ ಇದು ಗೊತ್ತಿರಲಿಲ್ಲ. ವರ್ಷಗಟ್ಟಲೆ ಮಿಲ್ಲಿನ ಸದ್ದಿನಲ್ಲಿದ್ದು ಅವರ ಕಿವಿ ಮಂದವಾಗಿತ್ತು. ಹಾರೋಹಳ್ಳಿಯ ಫ್ಯಾಕ್ಟರಿಯಿಂದ ವಾರಕ್ಕೊಮ್ಮೆ ಬರುವ ನನ್ನ ಯಜಮಾನರಿಗೆ ಹೇಳಿದೆ. "ನಮ್ಮಪ್ಪ ಮೊದ್ಲಿಂದ್ಲೂ ಅಂಗೇ ಕಣೆ. ಒಳ್ಳೆ ನಿದ್ದೆ," ಎಂದು ನಕ್ಕರು.

ಒಳ್ಳೆ ನಿದ್ದೆಯಾದರೆ ಮಿಲ್ಲು ಓಡುವಾಗ ತೂಕಡಿಸುವುದೇಕೆ? ತಿರುಗುವ ಬೆಲ್ಟಿನ ಕಡೆಗೆ ಅವರ ತಲೆ ವಾಲುವುದನ್ನು ಕಂಡು ಒಮ್ಮೆ ನಾನು ಬೇಕೆಂದೇ ಡಬ್ಬ ಬೀಳಿಸಿದ್ದೆ.

ಮಾಗಡಿಯ ಡಾಕ್ಟರ ಹತ್ತಿರ ಮೂವರೂ ಹೋದ ದಿನ, ಮಾತ್ರೆ ನುಂಗುತ್ತಿದ್ದರೂ ಮಾವನ ಸಕ್ಕರೆ, ಬಿಪಿ ಎರಡೂ ಇಳಿದಿರಲಿಲ್ಲ. ತೂಕ ಏರಿತ್ತು.

"ಮುದ್ದೆ ಅರ್ಧ ಮಾಡಿವ್ನಿ ಡಾಕ್ಟ್ರೇ," ಎಂದರು ಮಾವ.

"ಮನೇಲಿ ಅರ್ಧ," ಎಂದರು ಅತ್ತೆ ಮಂಗಳಗೌರಿ. "ಬಸ್‌ಸ್ಟ್ಯಾಂಡ್ ಬೋಂಡಾ ಯಾರ್ ನೋಡವ್ರೆ?"

"ಮಿಲ್ ಬುಟ್ಟು ಎಲ್ಲಿಗೋಗಿದ್ನೇ ನಾನು? ಜನದ ಹಿಟ್ಟು ಮುಕ್ಕಿ ದಪ್ಪ ಆದ್ನಾ?"

"ನಿದ್ದೆ ಹೇಗಿದೆ?" ಡಾಕ್ಟರು ಜೋರಾಗಿ ಕೇಳಿದರು.

"ಅದಕ್ಕೇನ್ ಕಮ್ಮಿ? ಕಲ್ ಬಿದ್ದಂಗೆ ಮಲಗ್ತಾರೆ," ಎಂದರು ಅತ್ತೆ.

ಡಾಕ್ಟರು ಇನ್ನೊಂದು ಮಾತ್ರೆ ಬರೆಯಲು ಪೆನ್ನು ಎತ್ತಿಕೊಂಡರು. ಮಾವನ ಎದುರು ನಾನು ದನಿಯೆತ್ತಿದವಳಲ್ಲ. "ಅವ್ರ ಉಸಿರು ನಿಂತೋಗ್ತದೆ ಸರ್," ಎಂದೆ. ಅದು ನನಗೇ ಸರಿಯಾಗಿ ಕೇಳಲಿಲ್ಲ.

"ಏನಮ್ಮ?"

ಹೇಳುವ ಬದಲು ಮಾಡಿ ತೋರಿಸಿದೆ. ಗಂಟಲಿನಿಂದ ಗೊರಕೆ ತೆಗೆದೆ, ಏರಿಸಿದೆ.

"ಅಯ್ಯಯ್ಯೋ, ಮಾವನ್ನೇ ಅಣಕಿಸ್ತೀಯೇನೇ?" ಅತ್ತೆ ನನ್ನ ರಟ್ಟೆ ಹಿಡಿದರು.

ನಾನು ಬಿಡಲಿಲ್ಲ. ತಟ್ಟನೆ ಉಸಿರು ಹಿಡಿದೆ. ಮಾವನದು ನಿಲ್ಲುವಷ್ಟು ಹೊತ್ತು ಹಿಡಿಯಬೇಕೆಂದಿದ್ದೆ. ಕಿವಿಯಲ್ಲಿ ರಕ್ತ ಬಡಿಯಿತು, ಕಣ್ಣು ಕತ್ತಲಿಟ್ಟಿತು, ಅಷ್ಟು ಹೊತ್ತಾಗುವ ಮೊದಲೇ ಗಾಳಿ ಒಳಗೆ ನುಗ್ಗಿತು. ಎಚ್ಚರವಾಗಿದ್ದ ನನ್ನ ಕೈಲಿ ಒಮ್ಮೆಯೂ ಆಗದ್ದನ್ನು ಮಾವನ ಮೈ ರಾತ್ರಿಯೆಲ್ಲ ತಡೆದುಕೊಂಡು ಬಂದಿದೆಯಲ್ಲ!

ಡಾಕ್ಟರು ಪೆನ್ನು ಕೆಳಗಿಟ್ಟರು. ಹಗಲು ಬೆಲ್ಟಿನ ಪಕ್ಕ ತೂಕಡಿಸುವುದನ್ನೂ ಹೇಳಿದೆ. ಇದಕ್ಕೆ ಸ್ಲೀಪ್ ಆಪ್ನಿಯಾ ಅನ್ನುತ್ತಾರಂತೆ. ಕುತ್ತಿಗೆಯ ಕೊಬ್ಬು ನಿದ್ದೆಯಲ್ಲಿ ಉಸಿರಿನ ದಾರಿಯನ್ನು ಅದುಮುತ್ತದೆ. ಉಸಿರು ನಿಂತಾಗಲೆಲ್ಲ ಮೈ ಗಾಬರಿಬಿದ್ದು, ಅವರಿಗೇ ತಿಳಿಯದಂತೆ ಅರೆ ಎಚ್ಚರ ಮಾಡುತ್ತದೆ. ಆ ಗಾಬರಿಗೇ ಬಿಪಿ ಏರುತ್ತದೆ, ರಕ್ತದಲ್ಲಿ ಸಕ್ಕರೆಯೂ ಹೆಚ್ಚುತ್ತದೆ. ನಿದ್ದೆಗೆಟ್ಟವರಿಗೆ ಹಸಿವು ಹೆಚ್ಚು, ತೂಕ ಕರಗುವುದು ಕಷ್ಟ. ತೂಕ ಏರಿದಷ್ಟೂ ಆ ದಾರಿ ಇನ್ನೂ ಕಿರಿದು.

"ಬೋಂಡಾದ್ದೊಂದೇ ತಪ್ಪಲ್ಲಮ್ಮ," ಎಂದರು ಅತ್ತೆಗೆ. "ಟೆಸ್ಟ್ ಮಾಡಿಸೋಣ. ಅಲ್ಲೀವರೆಗೂ ಇವರು ಬೆಲ್ಟ್ ಹತ್ತಿರ ಕೂರೋದು ಬೇಡ."

ಮಾವ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಅಂದುಕೊಂಡೆ.

"ನಾನು ಅಂಗಾಡ್ತೀನಾ ಕವನ? ನಿಂತೋದ್ ಉಸ್ರು ಮತ್ತೆ ಎಂಗ್ ಬತ್ತದೆ?"

"ತಾನಾಗೇ ಬತ್ತದೆ ಮಾವ. ಪ್ರತಿ ಸಲಾನೂ."

ಅವರು ಎದೆಯ ಮೇಲೆ ಕೈಯಿಟ್ಟು, ಉಸಿರು ಏರಿಳಿಯುವುದನ್ನು ನೋಡಿಕೊಂಡರು.

ಬೆಂಗಳೂರಿನಲ್ಲಿ ಟೆಸ್ಟ್ ಆಯಿತು. ಮೂಗಿಗೆ ಗಾಳಿ ಊದುವ ಮಾಸ್ಕಿನ ಯಂತ್ರ ಮನೆಗೆ ಬಂತು. ಮೊದಮೊದಲು ಮಾವ ಅದನ್ನು ಕಿತ್ತೆಸೆದು ಬೈದರು. ಸಕ್ಕರೆ ಇಳಿಯಲು ನಡೆಯಬೇಕು, ತೂಕ ಕರಗಿಸಬೇಕು, ಇನ್ನೂ ದಿನ ಬೇಕು ಎಂದಿದ್ದಾರೆ ಡಾಕ್ಟರು.

ಒಂದು ಬೆಳಿಗ್ಗೆ ಮಾವ ಅಡುಗೆಮನೆ ಬಾಗಿಲಲ್ಲಿ ನಿಂತರು. ಕೆನ್ನೆಯ ಮೇಲೆ ಮಾಸ್ಕಿನ ಪಟ್ಟಿಯ ಗುರುತಿತ್ತು.

"ಕನ್ಸು ಬಿತ್ತು ಕಣವ್ವ! ಎಷ್ಟ್ ವರ್ಸ ಆಗಿತ್ತೋ. ನಮ್ ಹಳೇ ಎತ್ತು ರಾಗಿ ಬೀಸ್ಸಕ್ಕೆ ಮಿಲ್ಲಿಗೆ ಬಂದು ಕ್ಯೂನಲ್ಲಿ ನಿಂತಿತ್ತು."

"ಏನಂತೆ?" ಎಂದು ಅತ್ತೆ ಕೂಗಿದರು.

ಮಾವ ಅವರ ಕಿವಿಯ ಹತ್ತಿರ ಬಾಗಿ, ಎತ್ತಿನ ಕೊಂಬು ಯಾವ ಕಡೆ ಬಾಗಿತ್ತು ಎಂಬುದರಿಂದ ಹಿಡಿದು, ಮತ್ತೆ ಹೇಳತೊಡಗಿದರು.